ನಡುವೆ ಗರ್ಭಗುಡಿಯಿಲ್ಲದ ಪ್ರದಕ್ಷಿಣೆ

ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ಗಡಿಯ ಹತ್ತಿರ ಹೆರಿಫರ್ಡ್ ಪಟ್ಟಣವಿದೆ. ಅಲ್ಲಿನ ಕೆಥೆಡ್ರಲ್‌ನಿಂದ ಹೊರಟ ಕಾಲುಹಾದಿಯೊಂದು ಡೋರ್ ನದಿಯ ಕಣಿವೆಯ ಹೊಲ, ಹುಲ್ಲುಗಾವಲುಗಳ ನಡುವೆ ಚರ್ಚಿನಿಂದ ಚರ್ಚಿಗೆ ಸುತ್ತುತ್ತ, ಸುಮಾರು 95 ಕಿಲೋಮೀಟರ್ ಕಳೆದು ಮತ್ತೆ ಅದೇ ಕೆಥೆಡ್ರಲ್‌ಗೆ ಬಂದು ಸೇರುತ್ತದೆ. ಗೋಲ್ಡನ್ ವ್ಯಾಲಿ ಪಿಲ್‌ಗ್ರಿಮ್ ವೇ ಎಂದು ಅದರ ಹೆಸರು. ದಾರಿಯಲ್ಲಿ ರೋಮ್ ಇಲ್ಲ, ಜೆರುಸಲೇಮ್ ಇಲ್ಲ. ಇರುವುದೆಲ್ಲ ಹಳ್ಳಿಯ ಹಳೆಯ ಚರ್ಚುಗಳು. ಅವುಗಳಲ್ಲಿ ಕೆಲವು ಯಾತ್ರಿಕರಿಗೆ ರಾತ್ರಿ ತಂಗಲು ಜಾಗ ಕೊಡುತ್ತವೆ.

ಹೊರಟ ಜಾಗಕ್ಕೇ ಮರಳುವವನು ಹೋಗಿದ್ದಾದರೂ ಎಲ್ಲಿಗೆ? ಕ್ರೈಸ್ತ ಪರಂಪರೆಯಲ್ಲಿ ಇದು ಸಣ್ಣ ಪ್ರಶ್ನೆಯಲ್ಲ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಕಪ್ಪಡೋಸಿಯದ ಬಿಷಪ್, ನಿಸ್ಸದ ಗ್ರೆಗರಿ, ಜೆರುಸಲೇಮಿಗೆ ತಾನೇ ಹೋಗಿಬಂದ ಮೇಲೆ ಬರೆದ ಪತ್ರವೊಂದಿದೆ. ಜಾಗ ಬದಲಿಸಿದ ಮಾತ್ರಕ್ಕೆ ದೇವರು ಹತ್ತಿರವಾಗುವುದಿಲ್ಲ, ಅವನು ಅಲ್ಲಿರುವಷ್ಟೇ ಇಲ್ಲಿಯೂ ಇದ್ದಾನೆ ಎಂಬುದು ಅದರ ವಾದ. ಸಾವಿರ ವರ್ಷಕ್ಕೂ ಹೆಚ್ಚು ಕಾಲದ ನಂತರ, 1520ರಲ್ಲಿ, ಮಾರ್ಟಿನ್ ಲೂಥರ್ ಇನ್ನೂ ಕಟುವಾಗಿ ಹೇಳಿದ: ಹೆಂಡತಿ ಮಕ್ಕಳನ್ನು ಉಪವಾಸ ಬಿಟ್ಟು ರೋಮಿಗೆ ಹೋಗಿ ಹಣ ಸುರಿಯುವುದು ಯಾವ ಪುಣ್ಯ? ದೇವರು ಎಲ್ಲೆಡೆ ಇರುವುದಾದರೆ ಯಾತ್ರೆಗೆ ತರ್ಕವೇ ಉಳಿಯುವುದಿಲ್ಲ ಎಂಬ ಈ ಆಕ್ಷೇಪಕ್ಕೆ ಭಕ್ತರು ಬಾಯಿಮಾತಿನಲ್ಲಿ ಉತ್ತರ ಕೊಟ್ಟದ್ದು ಕಡಿಮೆ. ನಡೆಯುತ್ತಲೇ ಹೋದರು.

ಹೆರಿಫರ್ಡಿಗೂ ನಡೆದುಬಂದರು. ಇಲ್ಲಿನ ಬಿಷಪ್ ಥಾಮಸ್ ಕ್ಯಾಂಟಿಲೂಪ್ 1282ರಲ್ಲಿ ಇಟಲಿಯಲ್ಲಿ ತೀರಿಕೊಂಡ. ಸಾಯುವ ಹೊತ್ತಿಗೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್‌ನೊಡನೆ ಜಗಳವಾಡಿ ಬಹಿಷ್ಕಾರಕ್ಕೆ ಒಳಗಾಗಿದ್ದವನು. ಆದರೂ ಅವನ ಅಸ್ಥಿ ಹೆರಿಫರ್ಡಿಗೆ ಬಂತು, ಕೆಲವೇ ವರ್ಷಗಳಲ್ಲಿ ಪವಾಡಗಳ ಸುದ್ದಿ ಹಬ್ಬಿತು, 1320ರಲ್ಲಿ ಪೋಪ್ ಅವನನ್ನು ಸಂತನೆಂದು ಘೋಷಿಸಿದರು. ದಾಖಲಾದ ಪವಾಡಗಳು ನಾನೂರಕ್ಕೂ ಹೆಚ್ಚು. ಅವುಗಳಲ್ಲಿ ವಿಲಿಯಂ ಕ್ರಾಗ್ ಎಂಬ ವೇಲ್ಸ್ ಬಂಡಾಯಗಾರನ ಕಥೆ ಮರೆಯುವಂಥದ್ದಲ್ಲ. 1290ರಲ್ಲಿ ಸ್ವಾನ್ಸಿಯಲ್ಲಿ ಅವನನ್ನು ನೇಣಿಗೆ ಹಾಕಿದರು. ಹೆಣವೆಂದುಕೊಂಡು ಇಳಿಸಿದ ದೇಹದ ಉದ್ದವನ್ನು ಸಂತನ ಹೆಸರಿನಲ್ಲಿ ದಾರದಿಂದ ಅಳೆದರು. ಆ ದಾರವನ್ನೇ ಬತ್ತಿಯಾಗಿಸಿ ಮೇಣದಬತ್ತಿ ಮಾಡಿ ಸಂತನಿಗೆ ಅರ್ಪಿಸುವುದು ಅಂದಿನ ಹರಕೆಯ ರೀತಿ. ಕ್ರಾಗ್ ಕಣ್ಣು ಬಿಟ್ಟ. ಚೇತರಿಸಿಕೊಂಡ ಮೇಲೆ ನೇಣಿನ ಹಗ್ಗವನ್ನು ಕೊರಳಲ್ಲಿ ಹಾಕಿಕೊಂಡು ಬರಿಗಾಲಿನಲ್ಲಿ ಹೆರಿಫರ್ಡಿಗೆ ನಡೆದ. ಅವನನ್ನು ನೇಣಿಗೆ ಹಾಕಿಸಿದ್ದ ಪ್ರಭುವೂ ಪ್ರಭುವಿನ ಹೆಂಡತಿಯೂ ಜೊತೆಗೇ ಹೋದರು. 1307ರಲ್ಲಿ ಪೋಪ್ ಕಳಿಸಿದ ವಿಚಾರಣಾಧಿಕಾರಿಗಳ ಮುಂದೆ ಕ್ರಾಗ್ ತಾನೇ ನಿಂತು ಸಾಕ್ಷಿ ಹೇಳಿದ್ದಾನೆ.

ಇಂಥ ಯಾತ್ರೆಗೆ ಸ್ಪಷ್ಟವಾದ ಗುರಿಯಿತ್ತು, ಗುರಿಯಲ್ಲಿ ಮುಟ್ಟಬಹುದಾದ ಸಮಾಧಿಯಿತ್ತು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆ ಅದನ್ನು ಮುರಿಯಿತು. ಯಾತ್ರೆ ಹೋಗುವುದು, ಅವಶೇಷಗಳಿಗೆ ಮುತ್ತಿಡುವುದು, ಪ್ರತಿಮೆಗಳ ಮುಂದೆ ದೀಪ ಹಚ್ಚುವುದು ಎಲ್ಲವೂ ಮೂಢನಂಬಿಕೆಯಾಯಿತು. ಅದೇ ವರ್ಷ ಕ್ಯಾಂಟರ್ಬರಿಯ ಬೆಕೆಟ್ ಸಂತನ ಗದ್ದುಗೆ ನೆಲಸಮವಾಯಿತು.

ಆದರೆ ಒಂದು ನಡಿಗೆ ಉಳಿಯಿತು. ಎಲಿಜಬೆತ್ ರಾಣಿ 1559ರ ಆಜ್ಞೆಯಲ್ಲಿ ಮೆರವಣಿಗೆಗಳನ್ನೆಲ್ಲ ನಿಲ್ಲಿಸುತ್ತ, ವರ್ಷಕ್ಕೊಮ್ಮೆ ಊರ ಎಲ್ಲೆಯನ್ನು ಸುತ್ತಿಬರುವ ಪದ್ಧತಿಯನ್ನು ಮಾತ್ರ ಉಳಿಸಿಕೊಂಡಳು. ಯೇಸುವಿನ ಸ್ವರ್ಗಾರೋಹಣದ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಪಾದ್ರಿಯೂ ಊರ ಪ್ರಮುಖರೂ ಪ್ಯಾರಿಷ್‌ನ ಗಡಿಯುದ್ದಕ್ಕೂ ನಡೆದು, ಬೆಳೆಗಾಗಿ ದೇವರನ್ನು ಸ್ತುತಿಸಿ, ನೆರೆಯವನ ಗಡಿಕಲ್ಲು ಸರಿಸಿದವನಿಗೆ ಶಾಪವಿದೆ ಎಂದು ನೆನಪಿಸಿ, ಕೊನೆಗೆ ಚರ್ಚಿಗೇ ಮರಳಿ ಪ್ರಾರ್ಥಿಸಬೇಕು. ಎಲ್ಲೆ ಎಲ್ಲಿದೆಯೆಂದು ಮುಂದಿನ ತಲೆಮಾರು ಮರೆಯದಿರಲೆಂದು ಹುಡುಗರನ್ನು ಎತ್ತಿ ಗಡಿಕಲ್ಲಿಗೆ ಕುಕ್ಕುವುದೂ ಹಲವು ಊರುಗಳಲ್ಲಿತ್ತು.

ಗೆರೆ ಎಳೆದಂತೆ ದೂರದ ಗುರಿಗೆ ಹೋಗುವ ಯಾತ್ರೆ ಸತ್ತು, ದುಂಡಗೆ ಸುತ್ತಿಬರುವ ನಡಿಗೆ ಬದುಕಿದ್ದು ಆಕಸ್ಮಿಕವಲ್ಲ. ಗ್ರೆಗರಿಯ ಆಕ್ಷೇಪ ಇದಕ್ಕೆ ತಗಲುವುದೇ ಇಲ್ಲ. ದೇವರು ಬೇರೆಲ್ಲೋ ಹೆಚ್ಚಾಗಿ ಇದ್ದಾನೆಂದು ಸುತ್ತುವವನು ಹೇಳುತ್ತಿಲ್ಲ. ಇದ್ದಲ್ಲೇ ಇದ್ದಾನೆ ಎಂಬ ಮಾತನ್ನು ಒಪ್ಪಿಕೊಂಡೇ, ಆ ‘ಇದ್ದಲ್ಲಿ’ ಎಂಬುದು ಎಷ್ಟು ಅಗಲ, ಅದರೊಳಗೆ ಯಾರ ಹೊಲ, ಯಾರ ಮನೆ, ಯಾರ ಕಷ್ಟ ಸೇರಿದೆ ಎಂದು ಕಾಲಿನಿಂದ ತಿಳಿದುಕೊಳ್ಳುತ್ತಿದ್ದಾನೆ.

ಇದನ್ನು ಅತ್ಯಂತ ಚೆನ್ನಾಗಿ ಕಂಡವನು ಕವಿ, ಪಾದ್ರಿ ಜಾರ್ಜ್ ಹರ್ಬರ್ಟ್. ಸಾಲ್ಸ್‌ಬರಿ ಹತ್ತಿರದ ಬೆಮರ್ಟನ್‌ನಲ್ಲಿ ಮೂರು ವರ್ಷ ಸೇವೆ ಮಾಡಿ 1633ರಲ್ಲಿ ತೀರಿಕೊಂಡ ಈತ, ಹಳ್ಳಿಯ ಪಾದ್ರಿ ಹೇಗಿರಬೇಕೆಂದು ಬರೆದ ಪುಸ್ತಕ 1652ರಲ್ಲಿ ಅಚ್ಚಾಯಿತು. ಎಲ್ಲೆ ಸುತ್ತುವುದಕ್ಕೆ ಅದರಲ್ಲಿ ನಾಲ್ಕು ಕಾರಣ ಕೊಡುತ್ತಾನೆ. ಬೆಳೆಗೆ ದೇವರ ಆಶೀರ್ವಾದ ಮೊದಲನೆಯದು, ಗಡಿಯ ವಿಷಯದಲ್ಲಿ ನ್ಯಾಯ ಎರಡನೆಯದು. ಮೂರನೆಯದು ಜೊತೆಜೊತೆಯಾಗಿ ನಡೆಯುತ್ತ ನೆರೆಹೊರೆಯವರು ಮನಸ್ತಾಪ ತೀರಿಸಿಕೊಳ್ಳುವುದು. ನಾಲ್ಕನೆಯದು ಬಡವರಿಗೆ ದಾನ. ಜೊತೆಗೆ ನಡೆಯಲು ಒಲ್ಲದವನು ಪ್ರೀತಿಯಿಲ್ಲದವನು ಎಂಬಷ್ಟು ಗಟ್ಟಿಯಾಗಿ ಅವನು ಈ ಪದ್ಧತಿಯ ಪರ ನಿಂತಿದ್ದ. ನೇಣು ಹಾಕಿಸಿದವನೂ ನೇಣಿಗೇರಿದವನೂ ಒಂದೇ ದಾರಿಯಲ್ಲಿ ಸಾಗಿದ ಹಳೆಯ ಯಾತ್ರೆಯಲ್ಲಿ ಅಪರೂಪಕ್ಕೆ ಆದದ್ದನ್ನು ಹರ್ಬರ್ಟ್ ಪ್ರತಿ ಊರಿನ ವಾರ್ಷಿಕ ಕೆಲಸವಾಗಿಸಲು ಹೊರಟಿದ್ದ.

ಪ್ರೊಟೆಸ್ಟಂಟ್ ಸುಧಾರಣೆಯ ಬಿಸಿ ತಾಗದ ಕಡೆಯೂ ಸುತ್ತು ಉಳಿದಿದೆ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಲೊಕ್ರೊನಾನ್‌ನಲ್ಲಿ ಆರು ವರ್ಷಕ್ಕೊಮ್ಮೆ, ಜುಲೈನಲ್ಲಿ, ದೊಡ್ಡ ಟ್ರೊಮೇನಿ ನಡೆಯುತ್ತದೆ: ರೊನಾನ್ ಸಂತ ನಡೆದನೆನ್ನುವ 12 ಕಿಲೋಮೀಟರ್ ದಾರಿ, 12 ನಿಲ್ದಾಣ. ದಾರಿಯ ಭಾಗಗಳು ಖಾಸಗಿ ಹೊಲಗಳ ಮೇಲೆ ಹಾಯುತ್ತವೆ. ಯಾತ್ರೆಯ ಆ ದಿನಗಳಿಗಾಗಿ ರೈತರು ಬೇಲಿ ತೆರೆಯುತ್ತಾರೆ.

ಕನ್ನಡದ ಓದುಗರಿಗೆ ಸುತ್ತು ಬರುವುದು ಹೊಸದೇನಲ್ಲ. ಆದರೆ ನಮ್ಮ ಪ್ರದಕ್ಷಿಣೆಯ ನಡುವೆ ಗರ್ಭಗುಡಿ ಇರುತ್ತದೆ, ಬೆಟ್ಟವಿರುತ್ತದೆ, ಕಡೇಪಕ್ಷ ಒಂದು ಅಶ್ವತ್ಥಮರ ಇರುತ್ತದೆ. ಹೆರಿಫರ್ಡ್ ಕೆಥೆಡ್ರಲ್‌ನಲ್ಲೇ 1300ರ ಸುಮಾರಿನ ಪ್ರಸಿದ್ಧ ವಿಶ್ವಭೂಪಟವಿದೆ. ಒಂದೇ ಕರುವಿನ ಚರ್ಮದ ಮೇಲೆ ಬರೆದ ಆ ದುಂಡು ಪ್ರಪಂಚದಲ್ಲಿ ಪೂರ್ವ ದಿಕ್ಕು ಮೇಲಕ್ಕಿದೆ. ಹಾಗಾಗಿ ಇಂಡಿಯಾ ತುದಿಯಲ್ಲಿ, ಏದೆನ್ ತೋಟದ ನೆರೆಯಲ್ಲಿ ಕುಳಿತಿದೆ. ನಟ್ಟನಡುವೆ ಜೆರುಸಲೇಮ್, ವೃತ್ತ ಎಳೆಯಲು ಕೈವಾರ ಚುಚ್ಚಿದ ತೂತು ಅಲ್ಲಿ ಇಂದಿಗೂ ಕಾಣುತ್ತದೆ. ಅಂಥ ಪವಿತ್ರ ಕೇಂದ್ರಬಿಂದು ಗೋಲ್ಡನ್ ವ್ಯಾಲಿಯ ಸುತ್ತಿಗೆ ಇಲ್ಲ. ನಡುವೆ ಇರುವುದು ಕುರಿ ಮೇಯುವ ದಿಣ್ಣೆಗಳು, ತೋಟದ ಮನೆಗಳು, ಹಳ್ಳಿಗಳು. ಪ್ರದಕ್ಷಿಣೆ ಯಾರಿಗೆ ಎಂದು ಕೇಳಿದರೆ, ಅಲ್ಲಿ ಬದುಕುವವರಿಗೆ ಎಂದೇ ಹೇಳಬೇಕು.

ಹಾದಿಯ ಮೇಲೂ ಅದರ ಆಚೀಚೆಗೂ ಇರುವ ಈ ಸೀಮೆಯ ಚರ್ಚುಗಳು ಅದನ್ನೇ ಹೇಳುತ್ತವೆ. 1140ರ ಸುಮಾರಿಗೆ ಕೆಂಪು ಮರಳುಗಲ್ಲಿನಲ್ಲಿ ಕಟ್ಟಿದ ಕಿಲ್‌ಪೆಕ್ ಚರ್ಚಿನ ಸೂರಿನಡಿ ಎಂಬತ್ತಕ್ಕೂ ಹೆಚ್ಚು ಕೆತ್ತನೆಗಳಿವೆ. ನಾಯಿಯ ಪಕ್ಕ ಮೊಲ, ವಾದ್ಯ ನುಡಿಸುವವನು, ಎರಡೂ ಕೈಗಳಿಂದ ತನ್ನ ಯೋನಿಯನ್ನು ತೆರೆದು ತೋರುವ ಹೆಣ್ಣು. ಯಾವ ಧರ್ಮಶಾಸ್ತ್ರದ ಪಾಠಕ್ಕೂ ಸುಲಭವಾಗಿ ಒಗ್ಗದ ಈ ಕೆತ್ತನೆಗಳ ಕೆಳಗೆ ಊರಿನವರು ಒಂಬತ್ತು ಶತಮಾನ ಪ್ರಾರ್ಥನೆಗೆ ಬಂದುಹೋಗಿದ್ದಾರೆ. ಬ್ಯಾಕ್ಟನ್‌ನ ಸಣ್ಣ ಚರ್ಚಿನ ಗೋಡೆಯ ಮೇಲೆ 1909ರಿಂದ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿದ್ದ, ಅದಕ್ಕೂ ಮುಂಚೆ ಬಲಿಪೀಠಕ್ಕೆ ಹೊದಿಸುತ್ತಿದ್ದ ಕಸೂತಿ ಬಟ್ಟೆ, ಎಲಿಜಬೆತ್ ರಾಣಿಯ ಉಡುಪಿನ ಭಾಗವಿರಬೇಕೆಂದು ತಜ್ಞರು ಗುರುತಿಸಿದ್ದು ಈಚಿನ ವರ್ಷಗಳಲ್ಲಿ. ರಾಣಿಯ ಆಪ್ತ ಪರಿಚಾರಿಕೆ ಬ್ಲಾಂಚ್ ಪ್ಯಾರಿ ಈ ಸೀಮೆಯವಳು. ಅವಳ ಸ್ಮಾರಕವೂ ಅದೇ ಚರ್ಚಿನಲ್ಲಿದೆ.

ಇವೆಲ್ಲಕ್ಕಿಂತ ಡೋರ್ ಆಬಿಯ ಕಥೆ ದೊಡ್ಡದು. 1147ರಲ್ಲಿ ಸಿಸ್ಟರ್ಶಿಯನ್ ಸನ್ಯಾಸಿಗಳು ಕಟ್ಟಿದ ಮಠ ಎಂಟನೆಯ ಹೆನ್ರಿಯ ಕಾಲದಲ್ಲಿ ಮುಚ್ಚಿಹೋಯಿತು, ಮಾಡು ಹೋಯಿತು, ಪಾಳು ಗೋಡೆಗಳ ನಡುವೆ ದನಗಳು ಮಲಗಿದವು. ಪ್ರಾರ್ಥನಾ ಪುಸ್ತಕ ನೆನೆಯದಿರಲೆಂದು ಪಾದ್ರಿ ಕಮಾನೊಂದರ ಕೆಳಗೆ ನಿಂತು ಓದುತ್ತಿದ್ದನೆಂಬ ಮಾತಿದೆ. ನೂರು ವರ್ಷ ಹೀಗೆ ಕಳೆದ ಮೇಲೆ ವೈಕೌಂಟ್ ಸ್ಕುಡಮೋರ್ ಅದನ್ನು ದುರಸ್ತಿ ಮಾಡಿಸಿದ. ಬಡಗಿ ಜಾನ್ ಏಬಲ್ ಮಾಡಿನ ಮರಗೆಲಸ ಮಾಡಿದ. 1635ರಲ್ಲಿ ಅದು ಊರ ಚರ್ಚಾಗಿ ಮತ್ತೆ ತೆರೆಯಿತು. ಸಂತನ ಎಲುಬಾಗಲಿ ಪವಾಡವಾಗಲಿ ಅದನ್ನು ಉಳಿಸಲಿಲ್ಲ. ಮಳೆಯಲ್ಲಿ ನಿಂತು ಕೇಳುವ ಕೆಲವರು ಉಳಿದಿದ್ದರು, ಅಷ್ಟೆ.

ಇಲ್ಲಿ ಇಂದಿನ ಯಾತ್ರಿಕನಿಗೊಂದು ತೊಡಕಿದೆ. ಎಲ್ಲೆ ಸುತ್ತುತ್ತಿದ್ದವರು ಆ ಊರಿನವರು; ಈಗ ಸುತ್ತುವವರು ಬೇರೆ ಊರಿನಿಂದ ರೈಲಿನಲ್ಲೋ ಕಾರಿನಲ್ಲೋ ಬಂದಿಳಿಯುವವರು. ಬ್ರಿಟನ್ನಿನಲ್ಲಿ ಕಾಲುನಡಿಗೆಯ ಯಾತ್ರೆಗೆ ಮರುಜೀವ ಕೊಡಲು 2014ರಲ್ಲಿ ಹುಟ್ಟಿದ ಬ್ರಿಟಿಷ್ ಪಿಲ್‌ಗ್ರಿಮೇಜ್ ಟ್ರಸ್ಟ್, ಯಾವ ನಂಬಿಕೆಯವರಿಗೂ, ನಂಬಿಕೆಯಿಲ್ಲದವರಿಗೂ ದಾರಿ ತೆರೆದಿದೆ ಎನ್ನುತ್ತದೆ. ಇದರಲ್ಲಿ ತಪ್ಪಿಲ್ಲ. ಕಾಲು ನೋಯುವವನ ಎದೆಯಲ್ಲಿ ಏನಿದೆ ಎಂದು ಬಾಗಿಲಲ್ಲಿ ನಿಂತು ತಪಾಸಣೆ ಮಾಡುವ ಚರ್ಚು ಚರ್ಚಾಗಿ ಉಳಿಯುವುದಿಲ್ಲ. ಆದರೆ ಊರನ್ನು ಬರೀ ದೃಶ್ಯವಾಗಿ ನೋಡಿ ದಾಟಿಬಿಡುವ ಅಪಾಯ ದುಂಡು ಹಾದಿಯಲ್ಲೇ ಹೆಚ್ಚು. ತಡೆದು ನಿಲ್ಲಿಸುವ ದೊಡ್ಡ ಗುರಿಯೊಂದು ಅಲ್ಲಿಲ್ಲ. ಚರ್ಚ್ ಆಫ್ ಇಂಗ್ಲೆಂಡಿನ ಸುಮಾರು 16,000 ಚರ್ಚುಗಳಲ್ಲಿ 12,000ಕ್ಕೂ ಹೆಚ್ಚು ಸಂರಕ್ಷಿತ ಪಾರಂಪರಿಕ ಕಟ್ಟಡಗಳು. ಅವುಗಳ ಮಾಡು ಸೋರಿದರೆ ಖರ್ಚಿನ ಹೊಣೆ ಮೊದಲು ಬೀಳುವುದು ಸ್ಥಳೀಯ ಭಕ್ತರ ಮೇಲೆ. ಹಳ್ಳಿಗಳಲ್ಲಿ ಅವರು ಬೆರಳೆಣಿಕೆಯ ಮಂದಿ, ಬಹಳಷ್ಟು ವಯಸ್ಸಾದವರು. ರಾತ್ರಿ ತಂಗಲು ಬಾಗಿಲು ತೆರೆದುಕೊಡುವವರೂ ಅವರೇ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. 2024ರಲ್ಲಿ ಸ್ಪೇನಿನ ಸ್ಯಾಂಟಿಯಾಗೊದಲ್ಲಿ ಯಾತ್ರೆ ಮುಗಿಸಿದ ಪ್ರಮಾಣಪತ್ರ ಪಡೆದವರು 4.9 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುತೇಕರು ಮನೆಗೆ ಮರಳುವುದು ವಿಮಾನದಲ್ಲಿ, ರೈಲಿನಲ್ಲಿ. ಮಧ್ಯಯುಗದವರಿಗೆ ಆ ಅನುಕೂಲ ಇರಲಿಲ್ಲ. ಹೋದಷ್ಟೇ ದೂರ ವಾಪಸು ನಡೆಯಬೇಕಿತ್ತು. ಬೇಡಿಕೊಂಡದ್ದು ಮುಗಿದ ಮೇಲಿನ ಅರ್ಧ ಯಾತ್ರೆ ಅದು. ಹೋದ ದಾರಿಯಲ್ಲಿ ಅನ್ನ ಹಾಕಿದವರ ಮನೆಯ ಮುಂದೆಯೇ ಮತ್ತೆ ಹಾಯಬೇಕಾಗಿದ್ದ ದಾರಿ. ಹೆರಿಫರ್ಡಿನ ಸುತ್ತು ಆ ಕಳೆದುಹೋದ ಅರ್ಧವನ್ನು ಒಳಗೊಂಡಿದೆ. ಹಿಂತಿರುಗುವುದೂ ಅಲ್ಲಿ ಯಾತ್ರೆಯ ಭಾಗ.

ಹೊರಗಿನವನು ಹೇಗೆ ಊರಿನವನಂತೆ ನಡೆಯಬಹುದು ಎಂಬುದಕ್ಕೆ ಇದೇ ಸೀಮೆಯಲ್ಲಿ ಮಾದರಿಯಿದೆ. ವೈ ನದಿಯ ದಂಡೆಯ ಬ್ರೆಡ್‌ವರ್ಡೈನ್‌ಗೆ 1877ರಲ್ಲಿ ಪಾದ್ರಿಯಾಗಿ ಬಂದ ಫ್ರಾನ್ಸಿಸ್ ಕಿಲ್ವರ್ಟ್ ವಿಲ್ಟ್‌ಶೈರ್‌ನವನು. 1870ರಿಂದ ಬರೆದ ಅವನ ದಿನಚರಿಯಲ್ಲಿ ನಡಿಗೆಯಿಲ್ಲದ ಪುಟ ಹುಡುಕುವುದೇ ಕಷ್ಟ. ಆದರೆ ಆ ನಡಿಗೆಗಳು ಹೆಚ್ಚಾಗಿ ಯಾರದೋ ಮನೆಗೆ: ಹಾಸಿಗೆ ಹಿಡಿದ ಮುದುಕಿ, ಹಳೆಯ ಸೈನಿಕ, ಶಾಲೆಗೆ ಬಾರದ ಮಗು. ಅವರ ಮಾತನ್ನು ಅವರ ಉಚ್ಚಾರಣೆಯಲ್ಲೇ ಬರೆದಿಟ್ಟುಕೊಂಡ. 1879ರ ಆಗಸ್ಟಿನಲ್ಲಿ ಮದುವೆಯಾಗಿ, ಸೆಪ್ಟೆಂಬರಿನಲ್ಲಿ 38ನೆಯ ವಯಸ್ಸಿಗೆ ತೀರಿಕೊಂಡ. ದಿನಚರಿಯ ಬಹುಭಾಗವನ್ನು ಅವನ ಬಂಧುಗಳೇ ನಾಶಮಾಡಿದರು. ಅದರಿಂದ ಆಯ್ದ ಭಾಗಗಳು ಮಾತ್ರ 1938ರಿಂದ ಅಚ್ಚಾಗಿ ಉಳಿದವು. ಬ್ರೆಡ್‌ವರ್ಡೈನ್ ಚರ್ಚಿನ ಅಂಗಳದಲ್ಲಿರುವ ಅವನ ಸಮಾಧಿಯನ್ನು ನೋಡಲು ಓದುಗರು ಇಂದಿಗೂ ಬರುತ್ತಾರೆ, ಕೆಲವರು ಅವನ ಹಳೆಯ ದಾರಿಗಳನ್ನೇ ಹಿಡಿದು ಮುಂದಿನ ಹಳ್ಳಿಗೆ ಹೊರಡುತ್ತಾರೆ.