ಹಳತಿನ ವೇಷ, ಹೊಸತರ ಸತ್ಯ

ಹೊಸದಾಗಿ ಕಟ್ಟಿದುದನ್ನು ಹಳೆಯದರಂತೆ ಕಾಣಿಸುವುದು ಅಸತ್ಯವೇ? ನಾಟಕದಲ್ಲಿ ರಾಜನ ವೇಷ ತೊಟ್ಟವನನ್ನು ಯಾರೂ ಸುಳ್ಳುಗಾರನೆನ್ನುವುದಿಲ್ಲ. ಅದು ವೇಷವೆಂಬುದು ಆಡುವವನಿಗೂ ನೋಡುವವನಿಗೂ ತಿಳಿದಿರುತ್ತದೆ. ಕಟ್ಟಡವೇ ವೇಷ ತೊಟ್ಟಾಗ ಈ ತಿಳಿವಳಿಕೆ ಉಳಿಯುವುದೇ ಎಂಬುದು ವಿಚಾರಾರ್ಹ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬ್ಯೂನಾ ಪಾರ್ಕ್ ಎಂಬ ಊರಿನಲ್ಲಿರುವ ನಾಟ್ಸ್ ಬೆರ್ರಿ ಫಾರ್ಮ್ ಎಂಬ ವಿನೋದೋದ್ಯಾನದ ಭೋಜನಶಾಲೆಯ ಕಥೆ ಇದಕ್ಕೊಂದು ನಿದರ್ಶನ.

ವಾಲ್ಟರ್ ನಾಟ್ ಮತ್ತು ಕಾರ್ಡೀಲಿಯಾ ದಂಪತಿಗಳು 1920ರಲ್ಲಿ ಅಲ್ಲಿ ಗೇಣಿಭೂಮಿಯಲ್ಲಿ ಬೆರ್ರಿ ಹಣ್ಣು ಬೆಳೆಯತೊಡಗಿದರು. ರಸ್ತೆಬದಿಯಲ್ಲಿ ಹಣ್ಣು ಮಾರುತ್ತಿದ್ದವರು 1928ರಲ್ಲಿ ಅಂಗಡಿಯೂ ಚಹಾಕೋಣೆಯೂ ಸೇರಿದ ಕಟ್ಟಡವನ್ನು ಕಟ್ಟಿಸಿದರು. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1934ರಲ್ಲಿ, ಕಾರ್ಡೀಲಿಯಾ ತಮ್ಮ ಮದುವೆಯ ಪಿಂಗಾಣಿ ತಟ್ಟೆಗಳಲ್ಲಿಯೇ ಎಂಟು ಮಂದಿಗೆ ತಲಾ 65 ಸೆಂಟಿಗೆ ಕೋಳಿಯ ಊಟ ಬಡಿಸಿದರು. ಮಾಂಸಾಹಾರದ ಪ್ರಶ್ನೆ ಬೇರೆಯೇ. ಇಲ್ಲಿನ ವಿಚಾರ ಕಟ್ಟಡದ್ದು. ಜನ ಹೆಚ್ಚಿದಂತೆ ಚಹಾಕೋಣೆ ವಿಸ್ತರಿಸಿ ದೊಡ್ಡ ಭೋಜನಶಾಲೆಯಾಯಿತು. ಅಗತ್ಯವೇ ಬೆಳೆಸಿದ ಆ ಕಟ್ಟಡಕ್ಕೆ ವೇಷ ಬೇಕಾಗಿರಲಿಲ್ಲ.

ವೇಷ ಬಂದುದು ಸರದಿಯ ಸಾಲಿನಿಂದ. ಊಟಕ್ಕಾಗಿ ಗಂಟೆಗಟ್ಟಲೆ ಕಾಯುವವರ ಬೇಸರ ಕಳೆಯಲು ವಾಲ್ಟರ್ 1940ರಲ್ಲಿ ಪಕ್ಕದಲ್ಲಿಯೇ ‘ಗೋಸ್ಟ್ ಟೌನ್’ ಅನ್ನು, ಅಂದರೆ ಜನ ಬಿಟ್ಟುಹೋದ ಹಳೆಯ ಪಟ್ಟಣವೊಂದರ ಮಾದರಿಯನ್ನು, ನಿರ್ಮಿಸತೊಡಗಿದರು. ಕೆಲವು ಕಟ್ಟಡಗಳನ್ನು ನಿಜವಾದ ಹಳೆಯ ಊರುಗಳಿಂದ ತಂದು ನಿಲ್ಲಿಸಲಾಯಿತು. ಉಳಿದವನ್ನು ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟಲಾಯಿತು. 1968ರಲ್ಲಿ ಬೇಲಿ ಹಾಕಿ ಪ್ರವೇಶಶುಲ್ಕ ವಿಧಿಸಿದರು. ಕಾಯುವವರಿಗೆಂದು ಹುಟ್ಟಿದ ಊರು ಟಿಕೆಟ್ಟಿನ ಒಳಗಾಯಿತು; ಅದಕ್ಕೆ ಕಾರಣವಾದ ಭೋಜನಶಾಲೆ ಬೇಲಿಯ ಹೊರಗೆ ಉಳಿಯಿತು.

ಹಳೆಯ ಹಲಗೆಯ ಪಕ್ಕದಲ್ಲಿ ಹೊಸ ಹಲಗೆಯನ್ನು ಹಳೆಯದರಂತೆ ನಿಲ್ಲಿಸಿದುದು ಸಣ್ಣ ಮಾತು. ವಿನೋದಕ್ಕೆಂದು ಬಂದವನಿಗೆ ಅದರಿಂದ ನಷ್ಟವಿಲ್ಲ. ಹಿರಿದಾದ ಪ್ರಶ್ನೆ ಬೇರೊಂದಿದೆ. ಹೀಗೆ ಕಟ್ಟಡಗಳನ್ನು ಒದಗಿಸಿದ ಊರುಗಳಲ್ಲಿ ಕ್ಯಾಲಿಕೊ ಒಂದು. ಅದು 1881ರಲ್ಲಿ ಬೆಳ್ಳಿಯ ಗಣಿಯಿಂದ ಹುಟ್ಟಿತು. 1890ರ ದಶಕದಲ್ಲಿ ಬೆಳ್ಳಿಯ ಬೆಲೆ ಕುಸಿದಾಗ ಬರಿದಾಯಿತು. ಅಲ್ಲಿ ಮನೆ ತೊರೆದವರು ಜೀವನೋಪಾಯ ಕಳೆದುಕೊಂಡವರು. ಅವರ ದುಃಖವನ್ನು ಕಳೆದು, ಗೋಡೆಗಳನ್ನಷ್ಟೇ ಉಳಿಸಿ ಮನರಂಜನೆಯಾಗಿ ಬಡಿಸಿದರೆ ನೋಡುವವನಿಗೆ ದಕ್ಕುವುದು ಅರ್ಧಸತ್ಯ. ಅರ್ಧಸತ್ಯವು ಸುಳ್ಳಿಗಿಂತ ಸುಲಭವಾಗಿ ನಂಬಿಕೆ ಗಳಿಸುತ್ತದೆ.

ವಾಲ್ಟರ್ ಅವರಿಗೆ ಕ್ಯಾಲಿಕೊ ಕೇವಲ ಸರಕಾಗಿರಲಿಲ್ಲ. ಯೌವನದಲ್ಲಿ ಅವರು ಅಲ್ಲಿ ದುಡಿದಿದ್ದರು. 1951ರಲ್ಲಿ ಊರನ್ನೇ ಕೊಂಡು ಜೀರ್ಣೋದ್ಧಾರ ಮಾಡಿಸಿ, 1966ರಲ್ಲಿ ಸ್ಯಾನ್ ಬರ್ನಾರ್ಡಿನೊ ಕೌಂಟಿಗೆ ದಾನವಾಗಿ ಕೊಟ್ಟರು. ಹಳತನ್ನು ಬಳಸಿಕೊಂಡವನಿಗೆ ಹಳತಿನ ಋಣವೂ ಉಂಟೆಂಬುದನ್ನು ಈ ನಡತೆ ತೋರಿಸುತ್ತದೆ.

ಆದುದರಿಂದ ಅನುಕರಣೆಯೇ ದೋಷವಲ್ಲ. ಇದರಲ್ಲಿ ಹಳತು ಯಾವುದು, ಹೊಸತು ಯಾವುದು? ಈ ಊರು ಏಕೆ ಬರಿದಾಯಿತು? ಮಗುವೊಂದು ಹೀಗೆ ಕೇಳಿದಾಗ ನಿಜವಾದ ಉತ್ತರ ದೊರೆಯುವಂತಿದ್ದರೆ ಆ ವೇಷ ಸ್ಮರಣೆಯಾಗುತ್ತದೆ. ಉತ್ತರವನ್ನು ಮರೆಮಾಡಿದರೆ ಶತಮಾನದ ಮರದಿಂದ ಕಟ್ಟಿದ ಗೋಡೆಯೂ ಸುಳ್ಳನ್ನೇ ಹೇಳುತ್ತದೆ.