ಪ್ರಶ್ನೆಯೂ ಒಂದು ಕಾಯಕ

ಕೇಳುವವರಲ್ಲಿ ಎರಡು ಬಗೆ. ಒಬ್ಬನು ತಿಳಿಯಬೇಕೆಂದು ಕೇಳುತ್ತಾನೆ, ಇನ್ನೊಬ್ಬನು ಕೆಡಹಬೇಕೆಂದು ಕೇಳುತ್ತಾನೆ. ಇಬ್ಬರ ಮಾತೂ ಒಂದೇ ಆಗಿರಬಹುದು, ಆದರೆ ಅದು ಹುಟ್ಟಿದ ನೆಲೆ ಬೇರೆ, ಅದು ಕೊಡುವ ಫಲವೂ ಬೇರೆ. ಶಾಸನಸಭೆಯಲ್ಲಿ ವಿರೋಧ ಪಕ್ಷದ ಸದಸ್ಯನೊಬ್ಬನು ಎದ್ದುನಿಂತು, ಇಷ್ಟು ಹಣ ಎಲ್ಲಿ ಹೋಯಿತು, ಈ ನಾಲೆಯ ಕೆಲಸ ಏಕೆ ನಿಂತಿತು, ಬಡವರಿಗೆ ಸಲ್ಲಬೇಕಾದ ಧಾನ್ಯ ಯಾರ ಪಾಲಾಯಿತು ಎಂದು ಮಂತ್ರಿಯನ್ನು ಕೇಳುವಾಗ, ಅವನು ಮಾಡುತ್ತಿರುವುದು ಧರ್ಮವೋ ಕಲಹವೋ ಎಂಬ ಸಂಶಯ ಅನೇಕ ಸದ್ಭಕ್ತರ ಮನಸ್ಸಿನಲ್ಲಿ ಏಳುತ್ತದೆ. ಈ ಸಂಶಯ ಹಗುರವಾದುದಲ್ಲ. ಪರರ ಅವಗುಣಗಳನ್ನು ಎಣಿಸುವುದನ್ನು ಬಿಟ್ಟು ಮೊದಲು ತನ್ನ ಒಳಗನ್ನು ಶುದ್ಧಗೊಳಿಸಿಕೊಳ್ಳಬೇಕೆಂದು ಶರಣರು ಬೋಧಿಸಿದರು. ಪರನಿಂದೆಯನ್ನು ಅವರು ಪಾಪವೆಂದರು. ಹಾಗಾದರೆ ಇನ್ನೊಬ್ಬರ ತಪ್ಪನ್ನು ಹುಡುಕುವುದನ್ನೇ ಕೆಲಸವಾಗಿ ಉಳ್ಳವನಿಗೆ ಶರಣಮಾರ್ಗದಲ್ಲಿ ಸ್ಥಾನವೆಲ್ಲಿದೆ?

ಉತ್ತರವನ್ನು ಹುಡುಕುವವರು ಮೊದಲು ಕಲ್ಯಾಣದ ಕಡೆಗೆ ನೋಡಬೇಕು. ಬಸವಣ್ಣನವರು ಅರಣ್ಯದಲ್ಲಿ ಕುಳಿತ ತಪಸ್ವಿಗಳಾಗಿರಲಿಲ್ಲ, ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗಳಾಗಿದ್ದರು. ರಾಜ್ಯದ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯವರು ಅರಸನಿಗೆ ದೂರಿತ್ತರೆಂದೂ, ಭಂಡಾರವನ್ನು ಎಣಿಸಿ ನೋಡಿದಾಗ ಲೆಕ್ಕ ಸರಿಯಾಗಿಯೇ ಇದ್ದಿತೆಂದೂ ಪುರಾಣಗಳು ಹೇಳುತ್ತವೆ. ಈ ಕಥೆಯನ್ನು ಕೇಳುವ ಭಕ್ತರು ಸಾಮಾನ್ಯವಾಗಿ ಪವಾಡವನ್ನು ನೆನೆದು ಕೈಮುಗಿಯುತ್ತಾರೆ. ಆದರೆ ಅದರೊಳಗಿನ ನೀತಿ ಪವಾಡಕ್ಕಿಂತಲೂ ದೊಡ್ಡದು. ದೂರಿದವರು ಮತ್ಸರಿಗಳಾಗಿದ್ದರು, ನಿಜ. ಆದರೂ ಬಸವಣ್ಣನವರು 'ನೀವು ಮತ್ಸರಿಗಳು, ನಿಮಗೆ ಉತ್ತರ ಕೊಡಲಾರೆ' ಎಂದು ಮುಖ ತಿರುಗಿಸಲಿಲ್ಲ. ಭಂಡಾರದ ಬಾಗಿಲನ್ನು ತೆರೆದರು, ಲೆಕ್ಕವನ್ನು ಮುಂದಿಟ್ಟರು. ಕೇಳುವವನ ಮನಸ್ಸು ಹೇಗೇ ಇರಲಿ, ಪರರ ಹಣವನ್ನು ಹಿಡಿದವನು ಉತ್ತರ ಕೊಡಲೇಬೇಕು. ಕೇಳುವವನ ಅಶುದ್ಧಿಯು ಉತ್ತರಿಸುವವನ ಹೊಣೆಯನ್ನು ಕಳೆಯಲಾರದು.

ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಇದಕ್ಕೆ ಜೋಡಿಯಾದುದು. ಪತಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಹೆಚ್ಚಿನದು ಏಕೆಂದು ಲಕ್ಕಮ್ಮನವರು ಪ್ರಶ್ನಿಸಿದರು. ಅಗತ್ಯಕ್ಕೆ ಮೀರಿದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು. ಇಲ್ಲಿ ಪ್ರಶ್ನಿಸಿದವರಲ್ಲಿ ದ್ವೇಷವಿಲ್ಲ, ಪ್ರಶ್ನೆಗೆ ಒಳಗಾದವರಲ್ಲಿ ಅವಮಾನವಿಲ್ಲ. ಪ್ರಶ್ನೆ ಬಂದುದು ಹಿಡಿಯಷ್ಟು ಅಕ್ಕಿಯ ಬಗೆಗೆ. ಲಕ್ಕಮ್ಮನವರು ಪತಿಯನ್ನು ಹೀಗಳೆಯಲಿಲ್ಲ, ಪತಿಯ ಕೈಗೆ ಬಂದ ವಸ್ತುವನ್ನು ಕುರಿತು ಕೇಳಿದರು. ನಿಂದೆಗೂ ವಿಚಾರಣೆಗೂ ಇರುವ ಭೇದ ಇದೇ. ನಿಂದೆಯು ಮನುಷ್ಯನನ್ನು ಹಿಡಿಯುತ್ತದೆ, ವಿಚಾರಣೆಯು ಅವನ ಕೈಯಲ್ಲಿರುವ ಒಡವೆಯನ್ನು ಹಿಡಿಯುತ್ತದೆ. ಶರಣರು ನಿಷೇಧಿಸಿದುದು ಮೊದಲನೆಯದನ್ನು ಮಾತ್ರ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜನರಿಗೆ ಈ ತತ್ತ್ವವನ್ನು ಹೇಳಿಕೊಡಲು ದೂರದ ಗ್ರಂಥ ಬೇಕಾಗಿಲ್ಲ. ಚಿಕ್ಕಲ್ಲೂರಿನ ಜಾತ್ರೆಗೆ ಹೋದವರೆಲ್ಲರೂ ನೀಲಗಾರರ ಬಾಯಿಂದ ಮಂಟೇಸ್ವಾಮಿಯ ಕಥೆಯನ್ನು ಕೇಳಿದ್ದಾರೆ. ಆ ಕಥೆಯಲ್ಲಿ ಮಂಟೇಸ್ವಾಮಿಯು ಹೀನರೂಪವನ್ನು ತಾಳಿ, ಕಲ್ಯಾಣದ ಶರಣರನ್ನು ಪರೀಕ್ಷಿಸಲು ಬರುತ್ತಾನೆ. ಬಾಗಿಲಲ್ಲಿ ಅವನನ್ನು ತಡೆಯುತ್ತಾರೆ. ವೇಷಧಾರಿಗಳಾದ ಜಂಗಮರು ಅವನ ಪರೀಕ್ಷೆಯ ಎದುರು ನಿಲ್ಲಲಾರರು. ಬಸವಣ್ಣನವರೋ ತಿಪ್ಪೆಯವರೆಗೂ ಅವನನ್ನು ಅರಸಿಕೊಂಡು ಹೋಗಿ ಶರಣಾಗುತ್ತಾರೆ. ಇದು ಜನಪದರು ಕಟ್ಟಿದ ಕಾವ್ಯ, ಇತಿಹಾಸವಲ್ಲ. ಆದರೂ ಆ ಜನಪದರ ಧರ್ಮಬುದ್ಧಿ ಎಷ್ಟು ಸೂಕ್ಷ್ಮವಾದುದು! ಕಲ್ಯಾಣವನ್ನೂ ಪ್ರಶ್ನಿಸುವ ಒಬ್ಬನು ಬೇಕೆಂದು ಅವರಿಗೆ ತೋರಿತು. ಪರೀಕ್ಷಿಸಲು ಬಂದವನನ್ನು ಹೊರಗಟ್ಟಿದವರು ಸೋತರು, ಹುಡುಕಿಕೊಂಡು ಹೋದವರು ಗೆದ್ದರು ಎಂದು ಅವರು ಹಾಡಿದರು.

ವೀರಶೈವ ಶಾಸ್ತ್ರದಲ್ಲಿ ಹೇಳಿರುವ ಪಂಚಾಚಾರಗಳಲ್ಲಿ ಗಣಾಚಾರವೂ ಭೃತ್ಯಾಚಾರವೂ ಸೇರಿವೆ. ಅನ್ಯಾಯವನ್ನು, ಧರ್ಮಹಾನಿಯನ್ನು ಕಂಡು ಸಹಿಸದೆ ಎದುರಿಸುವುದು ಗಣಾಚಾರ. ಎಲ್ಲ ಶರಣರಿಗೂ ತಾನು ಸೇವಕನೆಂದು ತಿಳಿದು ಕಿಂಕರಭಾವದಿಂದ ನಡೆಯುವುದು ಭೃತ್ಯಾಚಾರ. ಹೊರನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧವೆಂದು ತೋರುತ್ತವೆ. ಒಂದು ತಲೆಯೆತ್ತಲು ಹೇಳುತ್ತದೆ, ಇನ್ನೊಂದು ತಲೆಬಾಗಲು ಹೇಳುತ್ತದೆ. ಆದರೆ ಎರಡನ್ನೂ ಒಬ್ಬನೇ ಭಕ್ತನಿಗೆ ವಿಧಿಸಿರುವುದರಲ್ಲಿಯೇ ರಹಸ್ಯವಿದೆ. ಭೃತ್ಯಾಚಾರವಿಲ್ಲದ ಗಣಾಚಾರ ಅಹಂಕಾರವಾಗುತ್ತದೆ, ಗಣಾಚಾರವಿಲ್ಲದ ಭೃತ್ಯಾಚಾರ ಮುಖಸ್ತುತಿಯಾಗುತ್ತದೆ. ಶಾಸನಸಭೆಯಲ್ಲಿ ಎದ್ದುನಿಲ್ಲುವ ಸದಸ್ಯನಿಗೆ ಬೇಕಾದುದು ಈ ಎರಡರ ಕೂಟವೇ. ಮಂತ್ರಿಯ ಎದುರು ಅವನು ಗಣಾಚಾರಿ, ತನ್ನನ್ನು ಕಳುಹಿಸಿದ ಜನರ ಎದುರು ಭೃತ್ಯಾಚಾರಿ.

ಕೇಳುವ ಈ ಹಕ್ಕು ಒಂದೇ ದಿನದಲ್ಲಿ ದೊರೆತುದಲ್ಲ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರೆಯ ಸಂದರ್ಭದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಕೂಡಿತು. 144 ಮಂದಿ ಪ್ರತಿನಿಧಿಗಳು ಬಂದಿದ್ದರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಜನರ ಕಷ್ಟಗಳನ್ನು ಬಿನ್ನವಿಸಿಕೊಳ್ಳಬಹುದಾಗಿತ್ತು. ಬ್ರಿಟಿಷ್ ಇಂಡಿಯಾದ ಸಭೆಗಳಲ್ಲಿ ಪ್ರಶ್ನೆ ಕೇಳುವ ಹಕ್ಕು ದೊರೆತುದು 1892ರ ಕಾಯಿದೆಯಿಂದ. ಉತ್ತರ ಬಂದ ಮೇಲೆ ಉಪಪ್ರಶ್ನೆ ಕೇಳುವ ಹಕ್ಕು 1909ರಲ್ಲಿ ಬಂದಿತು. ಅದೂ ಮೊದಲು ಪ್ರಶ್ನೆ ಹಾಕಿದವನಿಗೆ ಮಾತ್ರ. ಯಳಂದೂರು ಮೈಸೂರಿಗೆ ಸೇರಿದ್ದ ಕಾಲದಲ್ಲಿ ನೆರೆಯ ಕೊಳ್ಳೇಗಾಲವು ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಾತ್ರ ಎರಡೂ ಕಡೆಯ ಜನರ ಕಷ್ಟಸುಖಗಳನ್ನು ಕನ್ನಡದ ಒಂದೇ ಸಭೆಯಲ್ಲಿ ಕೇಳುವಂತಾಯಿತು. ಹಿರಿಯರು ಹೀಗೆ ಹಂತಹಂತವಾಗಿ ಪಡೆದುಕೊಂಡ ಅಧಿಕಾರವನ್ನು ಕೇವಲ ಗದ್ದಲವೆಂದು ತಳ್ಳಿಹಾಕುವುದು ಕೃತಘ್ನತೆಯಾದೀತು.

ಇಂದು ಸದಸ್ಯನು ತನ್ನ ಪ್ರಶ್ನೆಯನ್ನು ಮುಂಚಿತವಾಗಿ ಬರೆದು ಕೊಡಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಯು ಸಭೆಯಲ್ಲಿ ಬಾಯಿಮಾತಿನಿಂದಲೇ ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದುದಕ್ಕೆ ಲಿಖಿತ ಉತ್ತರ ಸಾಕು. ಪ್ರಶ್ನೆಯಲ್ಲಿ ವ್ಯಂಗ್ಯವಾಗಲಿ ಆರೋಪವಾಗಲಿ ವಿಶೇಷಣಗಳಾಗಲಿ ಇರಬಾರದೆಂದೂ, ಯಾರೊಬ್ಬರ ನಡತೆಯನ್ನು ಕುರಿತೂ ಅವರ ಸಾರ್ವಜನಿಕ ಅಧಿಕಾರಕ್ಕೆ ಸಂಬಂಧಿಸಿದಷ್ಟನ್ನು ಮಾತ್ರ ಕೇಳಬೇಕೆಂದೂ ಲೋಕಸಭೆಯ ನಿಯಮಾವಳಿ ವಿಧಿಸುತ್ತದೆ. ಲಕ್ಕಮ್ಮನವರು ಅಂಗಳದಲ್ಲಿ ನಿಂತು ಪಾಲಿಸಿದ ಭೇದವನ್ನೇ ಇಂದಿನ ಸಭೆಯ ನಿಯಮವೂ ಹೇಳುತ್ತಿರುವುದನ್ನು ವಿಚಾರವಂತರು ಗಮನಿಸಬೇಕು.

ಈ ಧರ್ಮವನ್ನು ನಡೆಸಿ ತೋರಿಸಿದವರು ಕನ್ನಡನಾಡಿನಲ್ಲಿ ಇಲ್ಲದಿಲ್ಲ. ಸಮಾಜವಾದಿ ಪಕ್ಷದ ಶಾಂತವೇರಿ ಗೋಪಾಲಗೌಡರು 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹದಲ್ಲಿ ಮುಂದೆ ನಿಂತರು. 1952ರಲ್ಲಿ ಮೈಸೂರು ವಿಧಾನಸಭೆಗೆ ಆರಿಸಿಬಂದರು. 1962ರಲ್ಲಿಯೂ 1967ರಲ್ಲಿಯೂ ಮತ್ತೆ ಸಭೆಯನ್ನು ಪ್ರವೇಶಿಸಿದರು. ಅವರು ಮಂತ್ರಿಗಳಾಗಲಿಲ್ಲ, ಐಶ್ವರ್ಯವನ್ನು ಗಳಿಸಲಿಲ್ಲ. ಉಳುವವನಿಗೆ ಭೂಮಿಯೇಕೆ ಇಲ್ಲವೆಂಬುದು ಅವರ ಹೋರಾಟದ ಮೂಲಪ್ರಶ್ನೆ. 1972ರಲ್ಲಿ ಅವರು ತೀರಿಕೊಂಡರು. ಗೇಣಿದಾರನಿಗೆ ಭೂಮಿಯ ಒಡೆತನವನ್ನು ಕೊಡುವ ತಿದ್ದುಪಡಿಯನ್ನು ದೇವರಾಜ ಅರಸರ ಸರ್ಕಾರ ಜಾರಿಗೆ ತಂದುದು 1974ರಲ್ಲಿ. ಪ್ರಶ್ನೆ ಕೇಳಿದವರು ಉತ್ತರವನ್ನು ಕಾಣಲು ಉಳಿದಿರಲಿಲ್ಲ. ಫಲವನ್ನು ಬಯಸದೆ ಮಾಡುವ ದುಡಿಮೆಯನ್ನು ಶರಣರು ಕಾಯಕವೆಂದರು. ತನಗೆ ಬಾರದ ಫಲಕ್ಕಾಗಿ ಇಪ್ಪತ್ತು ವರ್ಷ ಕೇಳುತ್ತ ಬಂದವನ ಪ್ರಶ್ನೆಯನ್ನು ಕಾಯಕವೆನ್ನದೆ ಮತ್ತೇನೆನ್ನಬೇಕು?

ಪ್ರಶ್ನಿಸುವುದು ವಿರೋಧ ಪಕ್ಷದ ಸ್ವತ್ತೆಂದು ತಿಳಿಯುವುದೂ ತಪ್ಪು. 1957ರ ಡಿಸೆಂಬರಿನಲ್ಲಿ ಜೀವವಿಮಾ ನಿಗಮವು ಹರಿದಾಸ್ ಮುಂಧ್ರಾ ಅವರ ಕಂಪೆನಿಗಳಲ್ಲಿ ಹೂಡಿದ್ದ ಸುಮಾರು ಒಂದೂಕಾಲು ಕೋಟಿ ರೂಪಾಯಿಗಳ ವಿಚಾರವನ್ನು ಲೋಕಸಭೆಯಲ್ಲಿ ಬಲವಾಗಿ ಎತ್ತಿದವರು ಫಿರೋಜ್ ಗಾಂಧಿ. ಅವರು ಆಳುವ ಕಾಂಗ್ರೆಸ್ ಪಕ್ಷದವರೇ, ಪ್ರಧಾನಮಂತ್ರಿಗಳ ಅಳಿಯಂದಿರೇ. ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣೆ ನಡೆದು, 1958ರಲ್ಲಿ ಹಣಕಾಸಿನ ಮಂತ್ರಿ ಟಿ.ಟಿ. ಕೃಷ್ಣಮಾಚಾರಿಯವರು ರಾಜೀನಾಮೆಯಿತ್ತರು. ಬಾಂಧವ್ಯವೂ ಪಕ್ಷವೂ ಅಡ್ಡಬಂದರೂ ಭಂಡಾರದ ಲೆಕ್ಕವನ್ನು ಕೇಳಬೇಕೆಂಬುದಕ್ಕೆ ಇದು ನಿದರ್ಶನ. ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಪ್ರಶ್ನೆ ಕೇಳಲು ಹಣ ಪಡೆದರೆಂಬ ಕಾರಣದಿಂದ 2005ರ ಡಿಸೆಂಬರಿನಲ್ಲಿ ಸಂಸತ್ತಿನ 11 ಮಂದಿ ಸದಸ್ಯರು ಉಚ್ಚಾಟಿತರಾದರು. ಆಯ್ದು ತಂದ ಅಕ್ಕಿ ದಾಸೋಹಕ್ಕೆ ಸಲ್ಲುವಂತೆ ಕೇಳಿದ ಪ್ರಶ್ನೆ ಜನಕ್ಕೆ ಸಲ್ಲಬೇಕು. ಪ್ರಶ್ನೆಯೇ ಮಾರಾಟದ ಸರಕಾದಾಗ ಕಾಯಕವು ವ್ಯಾಪಾರವಾಗುತ್ತದೆ.

ಆದಕಾರಣ ಪ್ರಶ್ನಿಸುವವನ ಮನಸ್ಸು ಶುದ್ಧವೋ ಅಲ್ಲವೋ ಎಂದು ಅರಿಯಲು ಒಂದು ಒರೆಗಲ್ಲು ಬೇಕು. ಅವನ ದನಿ ಎಷ್ಟು ಎತ್ತರವಾದುದೆಂಬುದು ಆ ಒರೆಗಲ್ಲಲ್ಲ. ಆಸನ ಬದಲಾದಾಗ ಪ್ರಶ್ನೆ ಉಳಿಯಿತೇ ಎಂಬುದೇ ಒರೆಗಲ್ಲು. ಪ್ರಜಾಪ್ರಭುತ್ವದಲ್ಲಿ ಅಧಿಕಾರವು ತಿರುಗುವ ಗಾಣದಂತೆ. ಹೊನ್ನೂರು ಸೇರಿರುವ ಕೊಳ್ಳೇಗಾಲ ಕ್ಷೇತ್ರದಿಂದ ಆರಿಸಿಬಂದ ಎನ್. ಮಹೇಶ್ ಅವರು 2018ರ ಜೂನ್ ತಿಂಗಳಲ್ಲಿ ಮಂತ್ರಿಗಳಾಗಿ ಅದೇ ವರ್ಷದ ಅಕ್ಟೋಬರಿನಲ್ಲಿ ಆ ಸ್ಥಾನವನ್ನು ಬಿಟ್ಟರು. ನಾಲ್ಕು ತಿಂಗಳಲ್ಲಿ ಉತ್ತರಿಸುವವರ ಸಾಲಿನಿಂದ ಕೇಳಬಹುದಾದವರ ಸಾಲಿಗೆ ಬರಬಹುದು, ಹಾಗೆಯೇ ಆ ಸಾಲಿನಿಂದ ಈ ಸಾಲಿಗೆ ಹೋಗಬಹುದು. ಇಂತಹ ಚಂಚಲವಾದ ಆಸನದ ಮೇಲೆ ಕುಳಿತವನು, ವಿರೋಧದಲ್ಲಿದ್ದಾಗ ಯಾವುದನ್ನು ಅನ್ಯಾಯವೆಂದನೋ ಅದನ್ನು ಅಧಿಕಾರದಲ್ಲಿದ್ದಾಗಲೂ ಅನ್ಯಾಯವೆನ್ನಬಲ್ಲನೇ? ಎನ್ನಬಲ್ಲವನಾದರೆ ಅವನ ಹಿಂದಿನ ಮಾತು ಗಣಾಚಾರವಾಗಿತ್ತು. ಇಲ್ಲವಾದರೆ ಅದು ಹಸಿವಿನ ಕೂಗಾಗಿತ್ತು, ಉಂಡ ಮೇಲೆ ಅಡಗಿತು. ಮೊದಲು ತನ್ನ ಒಳಗನ್ನು ಶುದ್ಧಗೊಳಿಸಿಕೊಳ್ಳಬೇಕೆಂಬ ಬೋಧೆಯ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಶರಣರು ಪ್ರಶ್ನೆಯನ್ನು ತಡೆಯಲಿಲ್ಲ. ಅದು ಕೇಳುವವನಿಂದಲೇ ಮೊದಲುಗೊಳ್ಳಬೇಕೆಂದರು. ಜನರ ಪರವಾಗಿ ಕೇಳುವುದೇ ಯಾರ ಕಾಯಕವೋ ಅವನು ಸುಮ್ಮನಿರುವುದೂ ಅವನ ಒಳಗಿನ ದೋಷವೇ.

ಇನ್ನು ಗೃಹಸ್ಥರ ಮಾತು. ಸುವರ್ಣಾವತಿ ಹರಿಯುವ ಯಳಂದೂರು ತಾಲ್ಲೂಕಿನ ಹೊನ್ನೂರಿನಂತಹ ಊರಿನಲ್ಲಿ ಕುಳಿತ ರೈತನು, ವಿಧಾನಸೌಧದಲ್ಲಿ ನಡೆಯುವುದಕ್ಕೂ ತನಗೂ ಏನು ಸಂಬಂಧವೆಂದು ಭಾವಿಸಬಹುದು. 2004ರ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶವು ಒಂದೇ ಒಂದು ಮತದಿಂದ ನಿರ್ಧಾರವಾಯಿತೆಂಬುದನ್ನು ಅವನು ನೆನೆಯಬೇಕು. ಯಾರು ಕೇಳಬೇಕು, ಯಾರು ಉತ್ತರಿಸಬೇಕು ಎಂಬುದನ್ನು ತೀರ್ಮಾನಿಸುವವನು ಅವನೇ. ಅಷ್ಟೇ ಅಲ್ಲ, 1993ರ ಪಂಚಾಯತ್ ರಾಜ್ ಕಾಯಿದೆಯ ಗ್ರಾಮಸಭೆಯಲ್ಲಿ ಅವನೇ ಎದ್ದುನಿಂತು ಕೇಳಬಹುದು. 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಒಂದು ಅರ್ಜಿಯನ್ನು ಬರೆದು ಕಚೇರಿಯ ಕಡತವನ್ನು ತೆರೆಸಬಹುದು. ಶಾಸಕನಿಗೆ ಹೇಳಿದ ಧರ್ಮವು ಅವನಿಗೂ ಅನ್ವಯಿಸುತ್ತದೆ.

ಇಲ್ಲಿಯೇ ಭಕ್ತನಿಗೆ ನಿಜವಾದ ಪರೀಕ್ಷೆ ಬರುವುದು. ಪರರ ಜಾತಿಯ, ಪರರ ಪಕ್ಷದ ಮಂತ್ರಿಯನ್ನು ಕೇಳಲು ಯಾರಿಗೂ ಧೈರ್ಯ ಬೇಕಾಗಿಲ್ಲ. ತನ್ನ ಸಮಾಜದವನು ಅಧಿಕಾರದಲ್ಲಿದ್ದಾಗ, ತನ್ನ ಊರಿಗೆ ಉಪಕಾರ ಮಾಡಿದವನು ಲೆಕ್ಕ ಕೊಡಬೇಕಾಗಿ ಬಂದಾಗ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಹಣ ಕೊಟ್ಟವನ ಹೆಸರು ಪ್ರಶ್ನೆಯಲ್ಲಿ ಬಂದಾಗ, ನಾಲಗೆ ತಡೆಯುತ್ತದೆ. 'ನಮ್ಮವನನ್ನು ನಾವೇ ಕೇಳಬಹುದೆ?' ಎಂಬ ಮಾತು ಭಕ್ತಿಯ ವೇಷದಲ್ಲಿ ಬರುತ್ತದೆ. ಲಕ್ಕಮ್ಮನವರಿಗೆ ಮಾರಯ್ಯನವರಿಗಿಂತ ಹತ್ತಿರದವರು ಯಾರಿದ್ದರು? ಹತ್ತಿರದವರೆಂದೇ ಅವರು ಕೇಳಿದರು, ಪ್ರೀತಿಯಿದ್ದುದರಿಂದಲೇ ಹೆಚ್ಚಿನ ಅಕ್ಕಿಯನ್ನು ಮನೆಯೊಳಗೆ ಬರಗೊಡಲಿಲ್ಲ. ತನ್ನವರನ್ನು ಕೇಳದೆ ಬಿಟ್ಟು ಪರರನ್ನು ಮಾತ್ರ ಕೇಳುವವನು ಭಂಡಾರವನ್ನು ಕಾಯುತ್ತಿಲ್ಲ, ತನ್ನ ಗುಂಪನ್ನು ಕಾಯುತ್ತಿದ್ದಾನೆ.

ಉತ್ತರಿಸಬೇಕಾದವರೂ ಒಂದನ್ನು ಮನಗಾಣಬೇಕು. ಸರ್ಕಾರದ ಕೆಲಸ ದೇವರ ಕೆಲಸವೆಂದು ವಿಧಾನಸೌಧದ ಮುಖದ ಮೇಲೆ ಕೆತ್ತಿದೆ. ದೇವರ ಕೆಲಸ ಮಾಡುವವನು ಪೂಜಾರಿಯೇ ಹೊರತು ದೇವರಲ್ಲ. ನೈವೇದ್ಯ ಎಲ್ಲಿಗೆ ಹೋಯಿತೆಂದು ಕೇಳಿದರೆ ಪೂಜಾರಿಯು ಕೋಪಿಸಿಕೊಳ್ಳುವುದು ತರವಲ್ಲ. ಪ್ರಶ್ನೆಯನ್ನು ಶತ್ರುವಿನ ಬಾಣವೆಂದು ಎಣಿಸದೆ ಕನ್ನಡಿಯೆಂದು ಎಣಿಸಿದವನಿಗೆ ಭಂಡಾರದ ಬಾಗಿಲನ್ನು ತೆರೆಯುವುದು ಕಷ್ಟವಾಗದು. ಕೇಳುವವನಲ್ಲಿ ಕಿಂಕರಭಾವ, ಉತ್ತರಿಸುವವನಲ್ಲಿ ದಾಸೋಹಭಾವ, ಇಬ್ಬರನ್ನೂ ಕಳುಹಿಸಿದ ಗೃಹಸ್ಥನಲ್ಲಿ ಪಕ್ಷಪಾತವಿಲ್ಲದ ಎಚ್ಚರ, ಈ ಮೂರೂ ಕೂಡಿದಲ್ಲಿ ಶಾಸನಸಭೆಯು ಅನುಭವ ಮಂಟಪದ ನೆರಳನ್ನಾದರೂ ಪಡೆದೀತು. ಅದನ್ನು ಆಗಮಾಡಿಸುವ ಹೊಣೆ ಬೆಂಗಳೂರಿನದು ಎಷ್ಟೋ ಹೊನ್ನೂರಿನದೂ ಅಷ್ಟೇ.