ಸೀಟು ಬಹುಮಾನವಲ್ಲ

ಅಮೆರಿಕದಲ್ಲಿರೋ ನಮ್ಮ ಗೆಳೆಯರ ಮಕ್ಕಳು ಹೈಸ್ಕೂಲಿಗೆ ಬಂದರೆ ಸಾಕು, ಫೋನಿನಲ್ಲಿ ಮಾತು ಸಮ್ಮರ್ ಪ್ರೋಗ್ರಾಂಗಳ ಕಡೆಗೇ ತಿರುಗುತ್ತೆ. ಬೇಸಿಗೆ ರಜೆಯಲ್ಲಿ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಶಿಬಿರಗಳಿವು. ಕೆಲವಕ್ಕೆ ದುಡ್ಡಿದ್ದರೆ ಸಾಕು, ಕೆಲವಕ್ಕೆ ಆಯ್ಕೆಯಾಗಬೇಕು. 1957ರಲ್ಲಿ ಆರ್ನಲ್ಡ್ ರಾಸ್ ಎಂಬ ಗಣಿತದ ಮೇಷ್ಟ್ರು ಶುರುಮಾಡಿದ ರಾಸ್ ಪ್ರೋಗ್ರಾಂ, 1984ರಲ್ಲಿ ಆರಂಭವಾದ ಆರ್‌ಎಸ್‌ಐ ಎರಡನೇ ಗುಂಪಿನವು. ಆರ್‌ಎಸ್‌ಐ ಅಂತೂ ಫೀಸಿಲ್ಲದೆ 6 ವಾರ ಎಂಐಟಿಯಲ್ಲಿ ಇಟ್ಟುಕೊಂಡು ಸಂಶೋಧನೆ ಕಲಿಸುತ್ತೆ.

'ಅಲ್ಲಿಗೆ ಹೋದವರೆಲ್ಲ ದೊಡ್ಡ ದೊಡ್ಡ ಕಾಲೇಜು ಸೇರಿದ್ದಾರೆ ಕಣೋ' ಅಂತಾರೆ. ಇರಬಹುದು. ಆದರೆ ಜರಡಿ ಹಿಡಿದು ದಪ್ಪ ಕಾಳನ್ನಷ್ಟೇ ಚೀಲಕ್ಕೆ ತುಂಬಿ, ಆಮೇಲೆ ಚೀಲವೇ ಕಾಳನ್ನು ದಪ್ಪ ಮಾಡಿತು ಅಂದರೆ ಒಪ್ಪೋಕಾಗುತ್ತಾ? ಜಾಣರನ್ನೇ ಆರಿಸಿಕೊಂಡ ಮೇಲೆ ಶಿಬಿರ ಅವರಿಗೆ ಕೊಟ್ಟಿದ್ದೇನು ಅನ್ನೋದು ಬೇರೆಯೇ ಪ್ರಶ್ನೆ.

ಕಾಲೇಜುಗಳ ವಿಷಯದಲ್ಲಿ ಈ ಪ್ರಶ್ನೆಯನ್ನು 2002ರಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಕೇಳಿದ್ದರು. ಒಂದೇ ಮಟ್ಟದ ವಿದ್ಯಾರ್ಥಿಗಳಲ್ಲಿ ಹೆಸರಾಂತ ಕಾಲೇಜಿಗೆ ಹೋದವರಿಗೂ ಸಾಧಾರಣ ಕಾಲೇಜಿಗೆ ಹೋದವರಿಗೂ ಸರಾಸರಿ ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಕಾಣಲಿಲ್ಲ. ಆದರೆ ಬಡವರ ಮನೆಯಿಂದ ಬಂದವರಿಗೆ ಲಾಭ ಕಂಡಿತು.

ಬೇಸಿಗೆ ಶಿಬಿರಗಳ ಮೇಲೂ ಅಂಥದ್ದೇ ಅಧ್ಯಯನವೊಂದು 2022ರಲ್ಲಿ ಬಂತು. ವಿಜ್ಞಾನ, ಎಂಜಿನಿಯರಿಂಗ್‌ನಲ್ಲಿ ಕಡಿಮೆ ಸಂಖ್ಯೆಯಲ್ಲಿರುವ ಸಮುದಾಯಗಳ ಮಕ್ಕಳಿಗಾಗಿ ನಡೆದ ಶಿಬಿರಗಳವು. ಅರ್ಹರಾದವರ ನಡುವೆ ಲಾಟರಿ ಎತ್ತಿ ಸೀಟು ಕೊಟ್ಟರು. ನಾವು ಆಫೀಸಿನಲ್ಲಿ ಮಾಡೋ ಎ/ಬಿ ಟೆಸ್ಟ್ ಅಂತಾನೇ ಅನ್ನಿ. ಸೀಟು ಸಿಕ್ಕ ಗುಂಪಿನಲ್ಲಿ ಡಿಗ್ರಿ ಮುಗಿಸಿದವರು, ಅದರಲ್ಲೂ ವಿಜ್ಞಾನ ಮತ್ತು ಎಂಜಿನಿಯರಿಂಗ್ ಡಿಗ್ರಿ ಪಡೆದವರು ಹೆಚ್ಚಿದ್ದರು. ಇಲ್ಲಿ ಚೀಲ ನಿಜವಾಗಿಯೂ ಏನೋ ಮಾಡಿದೆ.

ಹಾಗಾದರೆ ಸೀಟು ಯಾರಿಗೆ ಸಿಗಬೇಕು? ಅತಿ ಹೆಚ್ಚು ಅಂಕ ತೆಗೆದವರಿಗೋ, ಅದರಿಂದ ಬದುಕು ಅತಿ ಹೆಚ್ಚು ಬದಲಾಗುವವರಿಗೋ?

'ರಾತ್ರಿ ಹಗಲು ಓದಿದ ಮಗುವಿಗೆ ಇದು ಅನ್ಯಾಯ ಅಲ್ವಾ?' ಅಂತ ನೀವು ಕೇಳಬಹುದು. ಓದಿದ್ದಕ್ಕೆ ಪದಕ ಕೊಡಿ, ಚಪ್ಪಾಳೆ ತಟ್ಟಿ. ಪದಕ ಆಗಿಹೋದ ಕೆಲಸಕ್ಕೆ ಸಲ್ಲುವಂಥದ್ದು. ಸೀಟು ಮುಂದೆ ಆಗಬೇಕಾದ ಕೆಲಸಕ್ಕೆ. ಹಾಗಂತ ಪಾಠ ತಲೆಗೇ ಹತ್ತದ ಮಗುವನ್ನು ತಂದು ಕೂರಿಸಿದರೆ ಅದು ಹಿಂಸೆ. ಅರ್ಹತೆಯ ಹೊಸ್ತಿಲು ಇರಲೇಬೇಕು. ಆದರೆ ಹೊಸ್ತಿಲು ದಾಟಿದವರ ನಡುವೆ ಅರ್ಧ ಅಂಕಕ್ಕೆ ಕಿತ್ತಾಡೋದು ಬಿಟ್ಟು, ಯಾರಿಗೆ ಬೇರೆ ದಾರಿ ಇಲ್ಲ ಅಂತ ನೋಡಬೇಕು.

ಕೆರೆ ನೀರು ಬಿಡೋ ನೀರುಗಂಟಿ ಪೈರಿನ ಚಂದ ನೋಡಿ ನೀರು ಹಾಯಿಸಿದರೆ ತೂಬಿನ ಪಕ್ಕದ ಗದ್ದೆಗೇ ಪ್ರತಿಸಲವೂ ಮೊದಲ ಸರದಿ. ಅಲ್ಲಿ ಪೈರು ಚಂದ ಇರೋದೇ ನೀರು ಹತ್ತಿರ ಇರೋದರಿಂದ. ಹಳ್ಳಿ ಹೈಸ್ಕೂಲಲ್ಲಿ ಓದುವಾಗ ನಾನು ಕೊನೇ ಗದ್ದೆಯವನು. ಇಂಥ ಶಿಬಿರಗಳಿವೆ ಅನ್ನೋದೇ ನಮಗೆ ಗೊತ್ತಿರಲಿಲ್ಲ. ನನ್ನ ಮಗಳು ತೂಬಿನ ಪಕ್ಕದವಳು. ಮನೇಲಿ ಪುಸ್ತಕ, ಇಂಟರ್ನೆಟ್, ಕೇಳಿದ್ದಕ್ಕೆ ಉತ್ತರ ಹುಡುಕಿಕೊಡೋ ಅಪ್ಪ ಅಮ್ಮ ಎಲ್ಲ ಇದ್ದಾರೆ. ನಾನು ಹೇಳ್ತಿರೋ ನಿಯಮ ಬಂದರೆ ನಾಳೆ ಅವಳಿಗೇ ಸೀಟು ತಪ್ಪಬಹುದು.

ತಪ್ಪಿದರೆ ನಷ್ಟ ಇಲ್ಲ ಅಂತ ಹೇಳಲಾರೆ. ಲೆಕ್ಕದ ಹುಚ್ಚಿರೋ ಮಗುವಿಗೆ ತನ್ನಂಥವರ ಜೊತೆ ಕೆಲವು ವಾರ ಕಳೆಯೋದು ದೊಡ್ಡ ಸುಖ. ಸಂಬಳದ ಲೆಕ್ಕಕ್ಕೆ ಅದು ಸಿಗಲ್ಲ. ಆದರೆ ರಾಸ್ ಪ್ರೋಗ್ರಾಂ ಅರ್ಜಿಯ ಜೊತೆ ಬಿಡಿಸಬೇಕಾದ ಲೆಕ್ಕಗಳನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತೆ. ಗಂಟೆ ಹೊಡೆಯೋದರೊಳಗೆ ಮುಗಿಸೋ ಪರೀಕ್ಷೆ ಅಲ್ಲ ಅದು, ದಿನಗಟ್ಟಲೆ ಕೂತು ಯೋಚಿಸಬೇಕು. ಅದನ್ನು ಮಗಳ ಜೊತೆ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂರೋಕೆ ನನಗೆ ಯಾರ ಆಯ್ಕೆಪಟ್ಟಿಯೂ ಬೇಕಿಲ್ಲ. ಹಾಗೆ ಜೊತೆಗೆ ಕೂರೋಕೆ ಮನೇಲಿ ಯಾರೂ ಇಲ್ಲದ ಮಗುವಿಗೆ ಮಾತ್ರ ಆ ಸೀಟು ಬೇಕೇ ಬೇಕು.